ಎರಡನೇ ಉಪ್ಪಿಗೆ ಮೊದಲು ತೆಗೆದಿಟ್ಟ ತಟ್ಟೆ

ಹೋದ ಸೋಮವಾರ ಬಾರಿನ ಅಡುಗೆಮನೆಗೆ ಸುಣ್ಣ ಹೊಡೆಯಲು ಕಬ್ಬಿಣದ ರ್‍ಯಾಕು ಸರಿಸಿದಾಗ, ಗೋಡೆಗೂ ಅದಕ್ಕೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸ್ಟೀಲ್ ತಟ್ಟೆ ಠಣ್ಣೆಂದು ಕೆಳಗೆ ಬಿತ್ತು. ಮೈಯೆಲ್ಲ ಎಣ್ಣೆಜಿಡ್ಡು, ಜಿಡ್ಡಿನ ಮೇಲೆ ಮಸಿ. ಅಂಚು ಒಂದು ಕಡೆ ಒಳಕ್ಕೆ ಬಾಗಿತ್ತು. ಬಾಗಿದ ಆ ಜಾಗವನ್ನು ಹೆಬ್ಬೆರಳು ಮುಟ್ಟಿದ ಕೂಡಲೇ ಗೊತ್ತಾಯಿತು. ನನ್ನ ತಮ್ಮನ ತಟ್ಟೆ. ಅದನ್ನು ಅಲ್ಲಿಗೆ ಎಸೆದವಳೂ ನಾನೇ.

ಹಿರಿಯೂರಿನ ಹೊಸದುರ್ಗ ರಸ್ತೆಯ ಈ ಬಾರಿನಲ್ಲಿ ನಾನು ಇಪ್ಪತ್ತೈದು ವರ್ಷದಿಂದ ಕೋಳಿ ಹುರಿಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವ್ವ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದೆ. ನನ್ನನ್ನು ಕೊಟ್ಟ ಮನೆಯ ಬಾಳು ಒಂದು ವರ್ಷಕ್ಕೇ ಮುಗಿಯಿತು. ವಾಪಸ್ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ನನಗೆ ಅವನು, ಅವನಿಗೆ ನಾನು… ಹಾಗೆ ಅಂದುಕೊಂಡಿದ್ದೆ. ಮೀಸೆ ಬಂದ ಮೇಲೆ ಅವನೂ ಇದೇ ಬಾರಿಗೆ ಸಪ್ಲೈಯರ್ ಆಗಿ ಸೇರಿದ. ಅವನು ಮುಂದೆ, ನಾನು ಹಿಂದೆ, ನಡುವೆ ತಟ್ಟೆ ದಾಟಿಸುವ ಒಂದು ಕಿಂಡಿ.

ಬಾರಿನ ಕೋಳಿಗೆ ಎರಡು ಉಪ್ಪು. ಮೊದಲನೆಯದನ್ನು ಅರಿಸಿನದ ಜೊತೆ ಬೇಯಲು ಇಡುವಾಗ ಹಾಕುತ್ತೇವೆ, ಅದು ತುಂಡಿನ ಒಳಗೆ ಇಳಿಯುತ್ತದೆ. ಎರಡನೆಯದನ್ನು ಬಾಣಲೆಯಲ್ಲಿ ಬೆಳ್ಳುಳ್ಳಿ, ಖಾರ, ಶೇಂಗಾಪುಡಿ ಹಾಕಿ ಹುರಿದು ಇಳಿಸುವ ಮುಂಚೆ ಮೇಲಿಂದ ಉದುರಿಸುತ್ತೇವೆ. ಅದು ಗಿರಾಕಿಯ ಬಾಯಾರಿಕೆಗೆ. ನಾಲಿಗೆ ಒಣಗಿದರೆ ಅವನು ಇನ್ನೊಂದು ತರಿಸುತ್ತಾನೆ, ಓನರ್ ನನಗೆ ಮೊದಲ ದಿನ ಕಲಿಸಿದ ಪಾಠ ಅದೇ. ತಮ್ಮ ಕುಡಿಯುತ್ತಿರಲಿಲ್ಲ. ಅದಕ್ಕೇ ಎರಡನೇ ಉಪ್ಪಿಗೆ ಮೊದಲು ನಾಲ್ಕು ತುಂಡು ತೆಗೆದು ಆ ಸೊಟ್ಟ ತಟ್ಟೆಗೆ ಹಾಕಿ ಮುಚ್ಚಿಡುತ್ತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಿಂಡಿಯಲ್ಲಿ ಅವನ ಕೈ ಬರುತ್ತಿತ್ತು. ತಿಂದು, ಖಾಲಿ ತಟ್ಟೆಯನ್ನು ಅಲ್ಲೇ ಇಟ್ಟು, "ಬರ್ತೀನಕ್ಕ" ಅನ್ನುತ್ತಿದ್ದ. ಹೋಗುತ್ತಿದ್ದುದು ಹತ್ತು ಹೆಜ್ಜೆ ಆಚೆಗೆ. ಆದರೂ ಹೇಳಿಯೇ ಹೋಗಬೇಕು ಅವನಿಗೆ.

ಆ ಹುಡುಗಿಯನ್ನು ಒಳಗೆ ಬಿಟ್ಟುಕೊಂಡವಳು ನಾನೇ. ಆದಿವಾಲದಿಂದ ಬಸ್ಸಿನಲ್ಲಿ ಹುರಿದ ಶೇಂಗಾ ತಂದು ಹಿತ್ತಲ ಬಾಗಿಲಲ್ಲಿ ಕೊಡುತ್ತಿದ್ದಳು. ಶೇಂಗಾ ಒಂದೇ ಬಣ್ಣಕ್ಕೆ ಹುರಿದಿರುತ್ತಿತ್ತು, ಒಂದು ಕಾಳೂ ಕರಕಲಿಲ್ಲ. ಕೈಗೆಲಸ ಬಲ್ಲವಳು ಎಂದು ನನಗೇ ಮೊದಲು ಇಷ್ಟವಾದಳು. ಒಳಗೆ ಕೂರಿಸಿ ಟೀ ಕೊಟ್ಟೆ. ತಮ್ಮನನ್ನು ಕರೆದು, "ಲೇ, ಈ ಚೀಲ ಎತ್ತಿಳಿಸೋ" ಎಂದೆ.

ಚೀಲ ಸಣ್ಣದು. ಅದನ್ನು ಇಳಿಸಲು ಅವನಿಗೆ ದಿನದಿನವೂ ಹೆಚ್ಚು ಹೊತ್ತು ಹಿಡಿಯಿತು.

ಒಂದು ಮಧ್ಯಾಹ್ನ ಕಿಂಡಿಯಲ್ಲಿ ಕೈ ಬಂತು, ತಟ್ಟೆ ಹೋಯಿತು, ವಾಪಸ್ ಬರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದಾರೆ, ನಡುವೆ ಆ ತಟ್ಟೆ. ನಾಲ್ಕು ತುಂಡಿನಲ್ಲಿ ಎರಡು ಅವಳಿಗೆ. ಅವಳು ಮೂಳೆ ಚೀಪುತ್ತಾ, "ಅಕ್ಕನ ಕೈಗೆ ಬಂಗಾರದ ಬಳೆ ಹಾಕ್ಬೇಕು ನೋಡ್ರಿ" ಅನ್ನುತ್ತಿದ್ದಳು. ಇವನು, "ಬಳೆ ಹಾಕಿದ್ರೆ ಬಾಣಲಿಗೆ ಬೀಳ್ತೈತೆ, ಸುಮ್ನೆ ತಿನ್ನು" ಎಂದು ನಗುತ್ತಿದ್ದ. ಅವನು ಹಾಗೆ ನಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಬೆಳೆಸಿದ ಹುಡುಗನಲ್ಲಿ ಅಂಥ ನಗು ಒಂದಿತ್ತು, ಅದು ನನಗೆ ಸಿಕ್ಕಿರಲಿಲ್ಲ. ಮರುದಿನ ಅವನ ತಟ್ಟೆಗೂ ಎರಡನೇ ಉಪ್ಪು ಉದುರಿಸಿದೆ. ಅವನು ಒಂದು ತುಂಡೂ ಬಿಡದೆ ತಿಂದ. ಎರಡು ಚೊಂಬು ನೀರು ಕುಡಿದ. "ಬರ್ತೀನಕ್ಕ" ಎಂದ. ಆಮೇಲೆ ನನ್ನಿಂದ ಹಾಗೆ ಮಾಡಲು ಆಗಲಿಲ್ಲ.

ಮದುವೆಯಾದರು. ಮದುಮಕ್ಕಳು ಮನೆಯೊಳಗೆ ಬರುವಾಗ ಗಂಡಿನ ಅಕ್ಕತಂಗಿಯರು ಬಾಗಿಲು ತಡೆದು ಹೆಂಡತಿಯ ಹೆಸರು ಹೇಳಿಸುವುದು ನಮ್ಮಲ್ಲಿ ಪದ್ಧತಿ. ತಡೆದೆ. ಅವನು ಹೇಳಿದ. "ಕೇಳಿಸ್ಲಿಲ್ಲ" ಎಂದೆ. ಎಲ್ಲರೂ ನಕ್ಕರು. ಇನ್ನೊಂದು ಸಲ ಹೇಳಿದ. "ಕೇಳಿಸ್ಲಿಲ್ಲ." ಮೂರನೇ ಸಲಕ್ಕೆ ಯಾರೂ ನಗಲಿಲ್ಲ. ನನ್ನ ಕೈ ಬಾಗಿಲ ಚೌಕಟ್ಟನ್ನು ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು, "ಸಾಕು ಬಿಡವ್ವ, ಕೂಸುಗಳು ಬಿಸ್ಲಾಗೆ ನಿಂತವೆ" ಎಂದು ಕೈ ಹಿಡಿದು ಸರಿಸಿದಳು. ಮೂರು ತಿಂಗಳಿಗೆ ಅವರು ಹೊಳಲ್ಕೆರೆಗೆ ಹೋದರು, ಅವನಿಗೆ ಅಲ್ಲಿ ಅಡಿಕೆ ಮಂಡಿಯ ಗಾಡಿ ಓಡಿಸುವ ಕೆಲಸ ಸಿಕ್ಕಿತ್ತು. ಹೋಗುವ ದಿನ ಹೇಳಿಹೋಗಲು ಬಾರಿಗೆ ಬಂದಾಗ ನಾನು ತಿರುಗಿ ನೋಡಲಿಲ್ಲ. ಅವರು ಹೋದ ಮೇಲೆ ತಟ್ಟೆಯನ್ನು ರ್‍ಯಾಕಿನ ಹಿಂದಕ್ಕೆ ಎಸೆದೆ. ಹಬ್ಬಕ್ಕೆ ಅವರು ಬಂದರೆ, ಡ್ಯೂಟಿ ಇದೆ ಎಂದು ಬಾರಿಗೆ ಬಂದು ಕೂರುತ್ತಿದ್ದೆ.

ಹನ್ನೆರಡು ವರ್ಷದ ಮೇಲೆ ಒಂದು ಮಧ್ಯಾಹ್ನ ನಮ್ಮ ಹಳೇ ಸಪ್ಲೈಯರ್ ಕಿಂಡಿಗೆ ಮುಖ ಹಾಕಿದ.

"ಅಕ್ಕಾ, ಫ್ಯಾಮಿಲಿ ರೂಮಲ್ಲಿ ನಿನ್ನ ತಮ್ಮ ಕುಂತವ್ನೆ, ಹೆಂಡ್ತಿನೂ ಬಂದವ್ಳೆ. ಇವತ್ತು ಅವರ ಮದ್ವೆಯಾದ ದಿನವಂತೆ. ಬಾ ಅಂತವ್ರೆ."

"ಅಕ್ಕ ಇವತ್ತು ರಜ ಅನ್ನು."

"ಇಲ್ಲೇ ಅದೀಯಲ್ಲಕ್ಕ?"

"ರಜ ಅಂದ್ರೆ ರಜ. ಹೋಗೋ."

ಪರದೆಯ ಸಂದಿನಿಂದ ಅವರು ಕಾಣುತ್ತಿದ್ದರು. ಹಿತ್ತಲ ಬಾಗಿಲಲ್ಲೇ ಬಂದುಹೋಗುತ್ತಿದ್ದವಳು ಅವತ್ತು ಮುಂಬಾಗಿಲಿನಿಂದ ಬಂದು ಕುರ್ಚಿಯ ಮೇಲೆ ಕೂತಿದ್ದಳು. ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ. ಟೇಬಲ್ಲಿನ ಮೇಲೆ ಎರಡು ಸೋಡಾ. ಅವನ ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಅವಳು ಅವನ ಅಂಗಿಯ ಕಾಲರ್ ಸರಿಮಾಡಿದಳು. ಚಿಕ್ಕಂದಿನಲ್ಲಿ ಅವನ ಕಾಲರ್ ಸರಿಮಾಡಿದ ಕೈ ನನ್ನದು… ಅವನು ಏನೋ ಹೇಳಿದ, ಅವಳು ನಕ್ಕಳು, ಅವನೂ ನಕ್ಕ. ಮೆಟ್ಟಿಲ ಮೇಲಿನ ಅದೇ ನಗು. ಹನ್ನೆರಡು ವರ್ಷವಾದರೂ ಅದು ಸವೆದಿರಲಿಲ್ಲ. ಸವೆದಿದ್ದರೆ ನಾನು ಹೊರಗೆ ಹೋಗುತ್ತಿದ್ದೆನೋ ಏನೋ.

ಕೋಳಿ ಹುರಿದೆ. ಕಳಿಸಿದೆ. ಅವರು ನಿಧಾನವಾಗಿ ತಿಂದರು. ಕೊನೆಗೆ ತಮ್ಮನೇ ಎದ್ದು ಖಾಲಿ ತಟ್ಟೆ ತೆಗೆದುಕೊಂಡು ಕಿಂಡಿಯ ಹತ್ತಿರ ಬಂದ. ನಾನು ಗ್ಯಾಸ್ ಸಿಲಿಂಡರಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕಿಂಡಿಯಲ್ಲಿ ಕೈ ಕಂಡಿತು. ತಟ್ಟೆ ಇಟ್ಟಿತು. "ಬರ್ತೀನಕ್ಕ" ಎಂದ. ಹಳೇ ರೂಢಿಗೆ ಅಂದಿರಬೇಕು ಅಂದುಕೊಂಡೆ. ಅವನು ಬದುಕಿರುವಾಗ ನಾನು ಕಂಡ ಕೊನೆಯ ಗುರುತು ಆ ಕೈ.

ಎಂಟು ತಿಂಗಳಿಗೆ, ಮಂಡಿಯಲ್ಲಿ ಮೂಟೆ ಇಳಿಸುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹೊಳಲ್ಕೆರೆಗೆ ಹೋದೆ. ಎಲ್ಲರೂ ಅವಳನ್ನು ಹಿಡಿದುಕೊಂಡು ಅಳುತ್ತಿದ್ದರು. ನನ್ನನ್ನು ಯಾರೂ ಹಿಡಿಯಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಹೆಣದ ಮುಂದೆ ಕೂತಾಗಲೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಅವಳ ಅಳು ಎಲ್ಲರಿಗೂ ಕಾಣುತ್ತಿತ್ತು.

ಮೂರು ತಿಂಗಳು ಕಳೆದ ಮೇಲೆ ಅವಳು ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಹುರಿದ ಶೇಂಗಾದ ಚೀಲ. ಮೆಟ್ಟಿಲ ಮೇಲೆ ಕೂತಳು.

"ಅಕ್ಕ, ಆವತ್ತು ನೀವು ಒಳಗೇ ಇದ್ರಿ."

ನಾನು ಚೀಲ ಬಿಚ್ಚಿ ಶೇಂಗಾ ನೋಡುತ್ತಾ ನಿಂತೆ.

"ಅವರು ಒಂದು ತುಂಡು ಬಾಯಿಗಿಟ್ಟು ನಕ್ಕುಬಿಟ್ರು. 'ಅಕ್ಕಂಗೆ ರಜ ಇಲ್ಲ ಕಣೇ, ಒಳಗವ್ಳೆ. ಇದು ನನ್ನ ತಟ್ಟೆ ಉಪ್ಪು' ಅಂದ್ರು. ನಾನು ಹೋಗಿ ಕರ್ಕೊಂಡ್ ಬರ್ತೀನಿ ಅಂತ ಎದ್ದೆ. 'ಬ್ಯಾಡ ಕುಂತ್ಕ. ಸಿಟ್ಟು ಇನ್ನೂ ಬಾಯಾಗೈತೆ, ಕೈಯಾಗಿಲ್ಲ. ಇವತ್ತಿಗೆ ಇಷ್ಟು ಸಾಕು' ಅಂದ್ರು."

ಆವತ್ತು ಎರಡನೇ ಉಪ್ಪು ಹಾಕುವುದನ್ನು ನನ್ನ ಕೈ ಮರೆತಿತ್ತು. ರಜ ಎಂದು ಬಾಯಲ್ಲಿ ಹೇಳಿಕಳಿಸಿದ್ದೆ, ಅವನ ಪಾಲನ್ನು ಮಾತ್ರ ಹಳೇ ಲೆಕ್ಕದಲ್ಲೇ ತೆಗೆದಿದ್ದೆ. ನನಗೇ ಗೊತ್ತಿರಲಿಲ್ಲ.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾನು ಕೋಳಿ ಮಾಡ್ದಾಗೆಲ್ಲ 'ಚೆನ್ನಾಗೈತೆ, ಆದ್ರೆ ಅಕ್ಕಂದು…' ಅಂತ ನಿಲ್ಲಿಸೋರು. ಆ 'ಆದ್ರೆ' ಕೇಳಿ ಕೇಳಿ, ನಿಮ್ಮನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯೋದು ನಂಗೆ. ಉಪ್ಪು ಕಮ್ಮಿ ಹಾಕಿ ನೋಡ್ದೆ, ಖಾರ ಬಿಟ್ಟು ನೋಡ್ದೆ, ಬರ್ಲಿಲ್ಲ. ಏನ್ಮಾಡ್ತಿದ್ರಿ ಹೇಳ್ರಿ ಅಕ್ಕ. ಹಿರಿಯರ ಹಬ್ಬಕ್ಕೆ ಅವರ ಎಡೆಗೆ ಹಂಗೇ ಮಾಡಿ ಇಡ್ಬೇಕು."

ಹೇಳುವುದು ಎಷ್ಟು ಸುಲಭವಿತ್ತು. ಉಪ್ಪನ್ನು ಬೇಯುವಾಗ ಹಾಕು, ಹುರಿಯುವಾಗ ಮುಟ್ಟಬೇಡ. ಅಷ್ಟೇ. ಅವಳ ಬಳಿ ಅವನ ಹನ್ನೆರಡು ವರ್ಷವಿತ್ತು, ನಗುವಿತ್ತು. ನನ್ನ ಬಳಿ ಉಳಿದಿದ್ದದ್ದು ಆ ಒಂದು ಚಿಟಿಕೆ ಉಪ್ಪಿನ ಗುಟ್ಟು.

"ಅಂದಾಜು ಕಣವ್ವ, ಕೈಗೆ ಬಂದಷ್ಟು" ಎಂದೆ.

ಅವಳು ತಲೆಯಾಡಿಸಿ ಎದ್ದುಹೋದಳು. ಅದಾಗಿ ಮೂರು ವರ್ಷ. ಮೂರು ಹಿರಿಯರ ಹಬ್ಬ. ಮೂರು ಸಲವೂ ಅವನ ಎಡೆಯಲ್ಲಿ ಅವನಿಗೆ ಬೇಕಾದದ್ದು ಇರಲಿಲ್ಲ. ಹೆಂಡತಿಯಿಂದ ಕಿತ್ತುಕೊಂಡೆ ಅಂದುಕೊಂಡು, ಸತ್ತ ತಮ್ಮನ ಎಲೆಯಿಂದ ಕಿತ್ತುಕೊಂಡೆ.

ತಿಕ್ಕಿ ತಿಕ್ಕಿ ತಟ್ಟೆ ಬೆಳ್ಳಗಾಗಿದೆ. ಅಂಚಿನ ಬಾಗು ಹಾಗೇ ಇದೆ. ನಿನ್ನೆ ಅದರಲ್ಲಿ ನಾಲ್ಕು ತುಂಡು ತೆಗೆದುಕೊಂಡು, ಎರಡನೇ ಉಪ್ಪು ಹಾಕದೆ, ಹಿತ್ತಲ ಮೆಟ್ಟಿಲ ಮೇಲೆ ಕೂತು ತಿಂದೆ. ಇಷ್ಟು ವರ್ಷ ಬಾರಿನ ಉಪ್ಪನ್ನೇ ರುಚಿ ನೋಡಿದ ನನ್ನ ನಾಲಿಗೆಗೆ ಅದು ಸಪ್ಪೆ ಅನ್ನಿಸಿತು. ಎರಡು ತುಂಡು ತಿಂದೆ. ಇನ್ನೆರಡು ಹಾಗೇ ಉಳಿದವು.

ಹಿರಿಯರ ಹಬ್ಬಕ್ಕೆ ಇನ್ನು ಒಂಬತ್ತು ದಿನ. ನಾಳೆ ಬೆಳಗಿನ ಬಸ್ಸಿಗೆ ಹೊಳಲ್ಕೆರೆಗೆ ಹೊರಟಿದ್ದೇನೆ. ಉಪ್ಪಿನ ವಿಷಯ ಹೇಳಿಬರುತ್ತೇನೆ, ಅವಳ ಒಲೆಯ ಮುಂದೆ ನಿಂತು ಮಾಡಿಯೂ ತೋರಿಸುತ್ತೇನೆ. ತಟ್ಟೆಯನ್ನೂ ಕೊಡಬೇಕು, ಎಡೆ ಇಡಲು ಅದೇ ಸರಿ ಎಂದು ಗೊತ್ತು. ಚೀಲಕ್ಕೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ…

ಇದನ್ನು ಬರೆಯುವಾಗ ಅದು ಚೀಲದ ಹೊರಗಿದೆ.