ಹಳೆಯ ಹಸುವಿನ ಗಿಣ್ಣು

ಕೋವಿಡ್‌ಗೆ ಹಿಂದಿನ ವರ್ಷ ನಾನು ಚಿಂತಾಮಣಿ ಕಡೆ ಪಶುವೈದ್ಯನಾಗಿದ್ದೆ. ನನ್ನ ಹೆಂಡತಿ ಶೈಲಜಾ ಚಿಕ್ಕಬಳ್ಳಾಪುರದ ಒಂದು ಪ್ರಯೋಗಾಲಯದಲ್ಲಿ ಮೈಕ್ರೋಬಯಾಲಜಿಸ್ಟ್. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಅವಳ ಕೆಲಸದ ಬಗ್ಗೆ ಯಾರೂ ಬರೆದಿಲ್ಲ. ಈ ಒಂದು ಪ್ರಕರಣವನ್ನಾದರೂ ನಾನು ಬರೆಯಬೇಕು.

ಮುರುಗಮಲ್ಲದ ಹತ್ತಿರದ ಗೌರಮ್ಮನವರ ಮನೆಯಲ್ಲಿ ಅಲ್ಲೇ ಹುಟ್ಟಿ ಬೆಳೆದ ಒಂದು ಹಳೆಯ ಹಸುವಿತ್ತು; ಅದು ಹಾಕಿದ ಕರುಗಳೆಲ್ಲ ಬದುಕಿದ್ದವು. ಅದರ ಜೊತೆಗೆ ಗೌರಿಬಿದನೂರು ಕಡೆಯಿಂದ ಮೂರು ತುಂಬುಗಬ್ಬದ ಹಸುಗಳನ್ನು ತಂದರು. ಅವುಗಳಲ್ಲಿ ಎರಡು ಹಸುಗಳು ಕರು ಹಾಕಿದವು. ಎರಡೂ ಕರುಗಳು ಬಿಳಿ ಭೇದಿಯಿಂದ ಸತ್ತವು. ನನ್ನ ಆಂಟಿಬಯೋಟಿಕ್, ಗ್ಲೂಕೋಸ್ ಯಾವುದೂ ಉಳಿಸಲಿಲ್ಲ. ಮೂರನೆಯ ಕರುವೂ ಹೋದರೆ ಹಸುಗಳನ್ನೆಲ್ಲ ಮಾರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಶೈಲಜಾ ಸತ್ತ ಕರುಗಳ ಭೇದಿ, ಎಲ್ಲ ಹಸುಗಳ ಸಗಣಿ ಪರೀಕ್ಷಿಸಿದಳು. ಎಲ್ಲದರಲ್ಲೂ ಇ. ಕೊಲೈ ಇತ್ತು. ಅದಿಲ್ಲದ ಕರುಳೆಲ್ಲಿದೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಹೆಸರು ಒಂದಾದರೂ ಇ. ಕೊಲೈನಲ್ಲಿ ನೂರಾರು ತಳಿಗಳಿವೆ; ಹೆಚ್ಚಿನವು ಸಾಧು. ಕೆಲವಕ್ಕೆ ಮಾತ್ರ ಎಳೆಗರುವಿನ ಕರುಳಿಗೆ ಅಂಟಿಕೊಳ್ಳುವ ಜೀನ್ ಇರುತ್ತದೆ. ಅಂಥ ತಳಿ ಸತ್ತ ಕರುಗಳಲ್ಲಿತ್ತು, ಹಳೆಯ ಹಸುವಿನಲ್ಲೂ ಇತ್ತು. ಹೊಸದಾಗಿ ಬಂದು ಇನ್ನೂ ಕರು ಹಾಕದಿದ್ದ ಮೂರನೆಯ ಹಸುವಿನಲ್ಲಿರಲಿಲ್ಲ.

ತಾಯಿ ತಾನು ಕಂಡ ತಳಿಗಳ ವಿರುದ್ಧ ಮಾತ್ರ ಗಿಣ್ಣುಹಾಲಿನಲ್ಲಿ ರಕ್ಷಣೆ ಕೊಡಬಲ್ಲಳು. ಹೊಸ ಹಸುಗಳ ಗಿಣ್ಣು ಅವು ಬಿಟ್ಟುಬಂದ ಕೊಟ್ಟಿಗೆಗೆ ತಕ್ಕದ್ದು, ಈ ಕೊಟ್ಟಿಗೆಗಲ್ಲ. ಹಳೆಯ ಹಸುವಿನ ಕರುಗಳು ಯಾಕೆ ಬದುಕುತ್ತಿದ್ದವು ಎಂಬುದು ನನಗೆ ಆಗ ಹೊಳೆಯಿತು.

ಅದೇ ವಾರ ಹಳೆಯ ಹಸು ಕರು ಹಾಕಿತು. ಅದರ ಕರು ಕುಡಿದು ಉಳಿದ ಗಿಣ್ಣನ್ನು ಶೈಲಜಾ ಕೇಳಿದಳು. ಗೌರಮ್ಮನವರ ಅತ್ತೆ ಒಪ್ಪಲಿಲ್ಲ.

"ಗಿಣ್ಣು ಹಂಚ್ದೆ ಇದ್ರೆ ಬೀದಿಯೋರು ಏನಂತಾರಮ್ಮ?"

"ಚಿಕ್ಕಬಳ್ಳಾಪುರದೋಳು ಬಂದು ಎತ್ಕೊಂಡು ಹೋದ್ಲು ಅಂತ ಹೇಳಿ ಅಜ್ಜಿ. ಬೈದ್ರೆ ನನ್ನೇ ಬೈಲಿ."

ಅಜ್ಜಿ ಒಪ್ಪಿ ಕೊಟ್ಟ ಗಿಣ್ಣನ್ನು ಬಾಟಲಿಗಳಲ್ಲಿ ತುಂಬಿ ಊರಿನ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿಟ್ಟೆವು. ಯಾರಾದರೂ ಕುಲ್ಫಿ ಅಂತ ತಿಂದರೆ ತಾನು ಜವಾಬ್ದಾರನಲ್ಲ ಎಂದ ಅಂಗಡಿಯವನು.

ಮೂರನೆಯ ಹಸು ಕರು ಹಾಕಿದ ಕೂಡಲೇ ಬಾಟಲಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿ ಕರುವಿಗೆ ಕುಡಿಸಿದೆವು. ಕಾಯಿಸಿದರೆ ಅದರ ಶಕ್ತಿ ಹೋಗುತ್ತದೆ. ಮೊದಲೆರಡು ಕರುಗಳು ಸತ್ತ ಪ್ರಾಯ ದಾಟಿದ ಬೆಳಿಗ್ಗೆ ಗೌರಮ್ಮ ಶೈಲಜಾಗೆ ಫೋನ್ ಮಾಡಿದರು.

"ಮೇಡಂ, ಕರು ಸಗಣಿ ಗಟ್ಟಿಯಾಗ್ ಹಾಕೈತೆ."

ಅವಳು ಫೋನಿಟ್ಟಳು. ಆಮೇಲೆ ಇಡೀ ದಿನ ಸಿಕ್ಕವರಿಗೆಲ್ಲ ಆ ಮಾತನ್ನೇ ಹೇಳಿದಳು.

ರೋಗದ ಹೆಸರು ಗೊತ್ತಾದರೆ ಸಾಲದು, ಅದು ಯಾವ ಕೊಟ್ಟಿಗೆಯದೆಂದೂ ಕೇಳಬೇಕು. ಉಳಿದ ಸರ್ವಿಸಿನಲ್ಲಿ ನಾನು ಔಷಧಿ ಬರೆಯುವ ಮೊದಲು ಹಸು ಎಲ್ಲಿಂದ ಬಂತೆಂದು ಕೇಳುತ್ತಿದ್ದೆ. ಕಿರಿಯ ವೈದ್ಯರು ಅದನ್ನು ನನ್ನ ಪದ್ಧತಿ ಎನ್ನುತ್ತಿದ್ದರು. ಅಲ್ಲ, ನನ್ನ ಹೆಂಡತಿಯದು ಎಂದು ಪ್ರತಿ ಸಲವೂ ತಿದ್ದುತ್ತಿದ್ದೆ.