ಹೋಲ್ಡ್ ಮಾಡಿ, ಪ್ಲೀಸ್

ಶಿರ್ವದ ಡೊರೊತಿ ಮಸ್ಕತ್ತಿಗೆ ಬಂದದ್ದು ೧೯೮೫ರಲ್ಲಿ, ಗಂಡ ತೀರಿಕೊಂಡ ಎಂಟು ತಿಂಗಳಿಗೆ. ಒಂದು ವರ್ಷದ ಮಗಳು ಇವ್ಲಿನ್‌ಳನ್ನು ತಾಯಿಯ ಮಡಿಲಿಗೆ ಹಾಕಿ ಬಂದಿದ್ದಳು. ರೂವಿಯ ಕಟ್ಟಡ ಕಂಪನಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ದಿನಕ್ಕೆ ಇನ್ನೂರು ಸಲ ಬಾಯಲ್ಲಿ ಅದೇ ಮಾತು: "ಹೋಲ್ಡ್ ಮಾಡಿ, ಪ್ಲೀಸ್."

ಆ ಆಫೀಸಿನಲ್ಲಿ ಹೋಲ್ಡ್ ಆಗದ್ದು ಕಡಿಮೆ. ಸಿಮೆಂಟಿನ ಲೋಡು ಹೋಲ್ಡ್, ಇಬ್ರಿಯ ಸೈಟಿನ ಕೆಲಸ ಹೋಲ್ಡ್, ಮಗಳನ್ನು ಕರೆಸಿಕೊಳ್ಳಲು ಡೊರೊತಿ ಕೊಟ್ಟ ವೀಸಾ ಅರ್ಜಿಯೂ ಹೋಲ್ಡ್. ಎರಡು ವರ್ಷ ಕಳೆದು ಊರಿಗೆ ಹೋದಾಗ ಮಗು ಅಜ್ಜಿಯ ಸೆರಗು ಬಿಡಲಿಲ್ಲ. ಮುಂದಿನ ರಜೆಯನ್ನು ಮ್ಯಾನೇಜರು ಹೋಲ್ಡ್ ಮಾಡಿದರು.

ಉಳಿದದ್ದು ಶುಕ್ರವಾರದ ಫೋನು. ಅಲ್ಲಿ ವಾರದ ರಜೆ ಅಂದೇ; ಇಗರ್ಜಿಯ ಪೂಜೆ ಮುಗಿಸಿ ನೇರ ಬೂತಿಗೆ ಹೋಗಿ ಊರಿನ ದೂಮಪ್ಪನ ಅಂಗಡಿಗೆ ಫೋನ್ ಹಚ್ಚುತ್ತಿದ್ದಳು. "ಒಂಚೂರು ಹೋಲ್ಡ್ ಮಾಡಿ ಬಾಯಮ್ಮ, ಮಗು ಬರ್ತಾ ಉಂಟು" ಎಂದು ದೂಮಪ್ಪ ರಿಸೀವರನ್ನು ಮೇಜಿನ ಮೇಲಿಡುತ್ತಿದ್ದ. ಕೋಳಿಯ ಕೂಗು, ಬಸ್ಸಿನ ಹಾರನ್ನು, ಕೊನೆಗೆ ಓಡಿ ಬರುವ ಪುಟ್ಟ ಹೆಜ್ಜೆಗಳು. ಹಲ್ಲು ಬಿದ್ದದ್ದು, ಬೆಕ್ಕು ಮರಿ ಹಾಕಿದ್ದು, ಎಲ್ಲವನ್ನೂ ಇವ್ಲಿನ್ ಒಂದೇ ಉಸಿರಿಗೆ ಹೇಳುತ್ತಿದ್ದಳು.

ಕಂಪನಿಯ ಸರಕಾರಿ ಕಾಗದಪತ್ರ ನೋಡಿಕೊಳ್ಳುವ, ಊರ ಕಡೆಯ ಬ್ಯಾರಿ ಮೂಸಬ್ಬ ಒಂದು ದಿನ ಅವಳ ಟೆಲಿಫೋನ್ ಬೋರ್ಡಿನ ಬಳಿ ನಿಂತರು.

"ಬಾಯಮ್ಮ, ವೀಸಾ ಕೆಲಸದಲ್ಲಿ ನನಗೆ ಸ್ವಲ್ಪ ಹೋಲ್ಡ್ ಉಂಟು. ಅರಬಿಯಲ್ಲಿ ಸರಿಯಾಗಿ ಬರೆಸಿ ಕೊಡುವ."

"ಹೋಲ್ಡ್ ಆಗಿಯೇ ಮೂರು ವರ್ಷ ಆಯ್ತಲ್ಲ ಬ್ಯಾರಿಗಳೇ."

"ಅದು ನಿಲ್ಲಿಸುವ ಹೋಲ್ಡ್. ನನ್ನದು ಹಿಡಿತದ್ದು."

ಹೇಳಿದಂತೆಯೇ ಮಾಡಿದರು. ೧೯೯೦ರ ಜನವರಿಯಲ್ಲಿ, ಡೊರೊತಿಯ ಫ್ಲ್ಯಾಟಿನಲ್ಲೇ ಇದ್ದ ನರ್ಸ್ ಆಗ್ನೆಸ್ ರಜೆ ಮುಗಿಸಿ ಬರುವಾಗ ಇವ್ಲಿನ್‌ಳನ್ನೂ ಕರೆತಂದಳು. ಸೀಬ್ ವಿಮಾನ ನಿಲ್ದಾಣದಲ್ಲಿ ಡೊರೊತಿ ಎರಡೂ ಕೈ ಚಾಚಿದಳು. ಹುಡುಗಿ ಆಗ್ನೆಸ್‌ಳ ಹಿಂದೆ ಅಡಗಿದಳು. ಶೀತವಾಗಿ ಗಂಟಲು ಕಟ್ಟಿದ್ದ ಡೊರೊತಿಗೆ ಹೆಸರು ಕರೆಯಲೂ ಸ್ವರ ಹೊರಡಲಿಲ್ಲ. ಇವಳೇ ನಿನ್ನ ಮಮ್ಮಿ ಎಂದು ಆಗ್ನೆಸ್ ಎಷ್ಟು ಹೇಳಿದರೂ ಮೂರು ದಿನ ಹುಡುಗಿ ಡೊರೊತಿಯ ಮುಖ ನೋಡಲಿಲ್ಲ, ಮಾತಾಡಲಿಲ್ಲ.

ನಾಲ್ಕನೆಯ ದಿನ ಗಂಟಲು ಬಿಟ್ಟಿತು. ಡೊರೊತಿ ಆಫೀಸಿನಿಂದ ಫ್ಲ್ಯಾಟಿಗೆ ಫೋನ್ ಮಾಡಿದಳು. ರಾತ್ರಿಪಾಳಿಯ ಆಗ್ನೆಸ್ ಹಗಲು ಮನೆಯಲ್ಲೇ ಇರುತ್ತಿದ್ದಳು; ರಿಸೀವರನ್ನು ಮಗುವಿನ ಕೈಗೆ ಕೊಟ್ಟಳು.

"ಮಮ್ಮೀ, ನಾನು ವಿಮಾನದಲ್ಲಿ ಬಂದೆ. ಇಲ್ಲಿ ಇನ್ನೊಬ್ರು ಆಂಟಿ ಇದ್ದಾರೆ, ಅನ್ನ ಕಲಸಿ ಕೊಡ್ತಾರೆ, ಮಾತಾಡುದಿಲ್ಲ. ನೀನು ಯಾವಾಗ ಬರುದು?"

ಬೋರ್ಡಿನಲ್ಲಿ ಬೇರೆ ಮೂರು ದೀಪಗಳು ಮಿನುಗುತ್ತಿದ್ದವು. ಡೊರೊತಿ ಯಾವುದನ್ನೂ ಮುಟ್ಟಲಿಲ್ಲ.

"ಸಂಜೆ ಬರ್ತೇನೆ ಮಗಾ."

ಸಂಜೆ ಫ್ಲ್ಯಾಟಿನ ಮುಚ್ಚಿದ ಬಾಗಿಲ ಮುಂದೆ ನಿಂತು, ಬೆಲ್ಲೊತ್ತದೆ, ಫೋನಿನಲ್ಲಿ ಕರೆಯುತ್ತಿದ್ದಂತೆಯೇ ಕರೆದಳು. ಒಳಗಿನಿಂದ ಓಡಿ ಬಂದ ಸದ್ದಾಯಿತು. ಇವ್ಲಿನ್ ಬಾಗಿಲು ತೆರೆದು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳು. ಡೊರೊತಿ ಮೊಣಕಾಲೂರಿ ಕುಳಿತು ಇನ್ನೊಮ್ಮೆ ಕರೆದಳು. ಹುಡುಗಿ ತೋರುಬೆರಳನ್ನು ಮೆಲ್ಲನೆ ಅವಳ ತುಟಿಯ ಮೇಲಿಟ್ಟು, ತೆಗೆಯದೆ ಹೇಳಿದಳು, "ಇನ್ನೊಂದು ಸಲ ಹೇಳು."