ಹುಳು ಸಾಯದ ಬಲ್ಬು

ಜೂನ್ 9, ಸಂಜೆ 6.50.

ಊಟ ಮುಗಿದು ಅರ್ಧ ಗಂಟೆಯಾಯಿತು. ನಮ್ಮದು ಜೈನರ ಮನೆ, ಬೆಳಕಿರುವಾಗಲೇ ಉಣ್ಣುತ್ತೇವೆ. ಆಮೇಲೆ ಮಲಗುವವರೆಗೆ ಎರಡೂವರೆ ಗಂಟೆ ಉಳಿಯುತ್ತದೆ. ಆ ಹೊತ್ತಿಗೆ ಯಾವ ಬಲ್ಬು ಹಾಕಬೇಕೆಂದು ಮಾರ್ಚ್‌ನಿಂದ ಹುಡುಕುತ್ತಿದ್ದೇನೆ. ಈವರೆಗೆ ತಿಳಿದದ್ದನ್ನು ಒಂದೆಡೆ ಬರೆದಿಡುತ್ತೇನೆ.

ಮನೆ ಮಲಯಾಳ ನಾಡಿನ ಕಾಟ್ಟಿಕುಳಂ ಪೇಟೆಯಿಂದ ಎರಡು ಕಿಲೋಮೀಟರ್ ಒಳಗೆ, ಗದ್ದೆಯ ಅಂಚಿನಲ್ಲಿದೆ. ಇರುವವರು ಇಬ್ಬರು: ನಾನು ಮತ್ತು ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ನೋಡಿಕೊಂಡವರು ಈ ದೊಡ್ಡಮ್ಮನೇ. ನಾನು ಹಾಲಿನ ಸೊಸೈಟಿಯಲ್ಲಿ ಅಳತೆ ಬರೆಯುತ್ತೇನೆ. ಅಲ್ಲಿ ದಿನಕ್ಕೆ ಎಂಬತ್ತು ಜನ ಬರುತ್ತಾರೆ. ಮಾತೆಲ್ಲ ಮಲಯಾಳದಲ್ಲಿ, ಅದೂ ಲೀಟರು ಮತ್ತು ಕೊಬ್ಬಿನ ಲೆಕ್ಕಕ್ಕೆ ಮುಗಿಯುತ್ತದೆ. ನಮ್ಮ ಮನೆಮಾತು ಕನ್ನಡದಲ್ಲಿ ಮನಸಾರೆ ಮಾತಾಡಲು ನನಗಿರುವುದು ದೊಡ್ಡಮ್ಮ ಒಬ್ಬರೇ, ಸಿಗುವ ಹೊತ್ತು ಆ ಎರಡೂವರೆ ಗಂಟೆ.

ಮೊದಲು ನಡುಮನೆಯಲ್ಲಿ ನಲವತ್ತು ವ್ಯಾಟಿನ ಹಳದಿ ಗುಂಡು ಬಲ್ಬು ಇತ್ತು. ಅದರ ಕೆಳಗೆ ದೊಡ್ಡಮ್ಮ ಬತ್ತಿ ಹೊಸೆಯುತ್ತ ನನ್ನ ದಿನದ ಸುದ್ದಿ ಕೇಳುತ್ತಿದ್ದರು. ಮಾರ್ಚ್ 3ರಂದು ಅದು ಸುಟ್ಟುಹೋಯಿತು. ಮರುದಿನ, ಕರೆಂಟು ಉಳಿಯಲಿ ಎಂದು, ಒಂಬತ್ತು ವ್ಯಾಟಿನ ಬಿಳಿ ಎಲ್‌ಇಡಿ ತಂದು ಹಾಕಿದೆ. ನಡುಮನೆ ಆಸ್ಪತ್ರೆಯ ವಾರ್ಡಿನಂತೆ ಬೆಳಗಿತು. ಗದ್ದೆಯ ಹುಳುಗಳೆಲ್ಲ ಒಳಗೆ ಬಂದವು. ಬೆಳಿಗ್ಗೆ ಗುಡಿಸಲು ಬಂದ ದೊಡ್ಡಮ್ಮ ಪೊರಕೆ ಹಿಡಿದು ಹಾಗೇ ನಿಂತರು.

"ಇದೆಲ್ಲ ನಿನ್ನೆ ಸತ್ತದ್ದಾ?"

"ಹೌದು ದೊಡ್ಡಮ್ಮ."

"ನಾವು ಬೆಳಕಲ್ಲಿ ಕೂರ್ಲಿಕ್ಕೆ?"

ಬೈಯಲಿಲ್ಲ. ಆದರೆ ಅಂದಿನಿಂದ ಕತ್ತಲಾಗುತ್ತಲೇ ಒಳಕೋಣೆಗೆ ಹೋಗಿ ದೀಪವಿಲ್ಲದೆ ಕೂರತೊಡಗಿದರು. ನಡುವಿನ ಬಾಗಿಲು ತೆರೆದೇ ಇರುತ್ತಿತ್ತು. ಆದರೂ ಗೋಡೆಯಾಚೆಗೆ ಮಾತಾಡಲು ದನಿ ಏರಿಸಬೇಕು. ದನಿ ಏರಿಸಿ ಹೇಳುವಂಥ ಸುದ್ದಿ ನನ್ನ ಬಳಿ ದಿನಾ ಇರುವುದಿಲ್ಲ.

ಕಿಟಕಿಗಳಿಗೆ ಬಲೆ ಹೊಡೆಸಿದೆ. ಹುಳುಗಳು ಹೆಂಚಿನ ಸಂದಿಯಿಂದ ಬಂದವು. ಮಾರ್ಚ್ 31ರಂದು ಮತ್ತೆ ಅಂಗಡಿಗೆ ಹೋದೆ.

"ಚೇಟಾ, ಹುಳ ಕಮ್ಮಿ ಬರುವ ಬಲ್ಬು ಉಂಟಾ?"

ಅಂಗಡಿಯವರು ಗಡಿಯ ಬಾವಲಿ ಊರಿನ ಗಿರಾಕಿಗಳಿಂದ ವ್ಯಾಪಾರಕ್ಕಾಗುವಷ್ಟು ಕನ್ನಡ ಕಲಿತವರು, ನನ್ನನ್ನು ಮಗಳೇ ಎಂದೇ ಕರೆಯುವವರು. "ಮೋಳೇ, ಎಲ್ಲರೂ ಬೆಳಕು ಎಷ್ಟು ಬರ್ತದೆ ಕೇಳ್ತಾರೆ. ಹುಳ ಎಷ್ಟು ಬರ್ತದೆ ಕೇಳಿದ್ದು ನೀನೇ ಮೊದಲು. ಡಬ್ಬದಲ್ಲಿ ಅದು ಬರೆದಿಲ್ಲ," ಎಂದು ನಕ್ಕರು. ಡಬ್ಬದಲ್ಲಿ ಬರೆದದ್ದು ಬೇರೆ ಅಂಕಿ: ಬಿಳಿಯದರ ಮೇಲೆ 6500, ಹಳದಿಯದರ ಮೇಲೆ 2700. ಅಂಕಿ ಇಳಿದಷ್ಟೂ ಬೆಳಕು ಹಳದಿ. ಹಳೆಯ ಗುಂಡು ಬಲ್ಬು ಈಗ ಬರುವುದಿಲ್ಲವಂತೆ, ಏಳು ವ್ಯಾಟಿನ ಹಳದಿ ಎಲ್‌ಇಡಿ ಕೊಂಡೆ.

ಒಂದೊಂದು ಬಲ್ಬಿಗೆ ಏಳು ಸಂಜೆ, ಏಳರಿಂದ ಎಂಟರವರೆಗೆ. ಕೆಳಗೆ ಬಿಳಿ ಪಂಚೆ ಹಾಸಿ ಬೆಳಿಗ್ಗೆ ಐದೂವರೆಗೆ ಎಣಿಸಿದೆ. ಬಿಳಿಗೆ 188, ಹಳದಿಗೆ 47. ಏಪ್ರಿಲ್ 15ರ ಸಂಜೆ ಈ ಲೆಕ್ಕವನ್ನು ಬಾಗಿಲಲ್ಲಿ ನಿಂತು ಓದಿದೆ. ಒಳಗಿನಿಂದ ಪ್ರಶ್ನೆ ಬಂತು.

"ಹಲ್ಲಿ ತಿಂದದ್ದು ನಿನ್ನ ಲೆಕ್ಕದಲ್ಲಿ ಉಂಟಾ?"

ಇರಲಿಲ್ಲ. ಬೆಳಗಾಗುವ ಮೊದಲೇ ಇರುವೆ ಹೊತ್ತೊಯ್ದದ್ದೂ ಇರಲಿಲ್ಲ.

"ಅದು ಹಲ್ಲಿ ತಿಂದದ್ದಲ್ವಾ ದೊಡ್ಡಮ್ಮ? ನಮ್ಮ ಲೆಕ್ಕಕ್ಕೆ ಯಾಕೆ?"

"ಕರೆದು ಬಡಿಸಿದ್ದು ಯಾರು?"

ಹದಿನಾಲ್ಕು ದಿನದ ಪಟ್ಟಿಗೆ ಅಡ್ಡಗೆರೆ ಎಳೆದೆ. "ಹಾಗಾದ್ರೆ ನೀವೂ ಬನ್ನಿ. ನಾನು ಪಂಚೆ ನೋಡ್ತೇನೆ, ನೀವು ಹಲ್ಲಿ ನೋಡಿ."

"ಈ ವಯಸ್ಸಲ್ಲಿ ನಂಗೆ ಹಲ್ಲಿ ಕಾಯೋ ಕೆಲಸ ಕೊಡ್ತೀಯಲ್ಲ!" ಎಂದರು. ಆದರೂ ಮರುದಿನ ಸಂಜೆ ಬಂದರು. ಹಳದಿ ಬಲ್ಬಿನ ಬೆಳಕು ಮುಟ್ಟದಷ್ಟು ದೂರ, ಹೊಸ್ತಿಲ ಬಳಿ ಮಣೆ ಹಾಕಿಕೊಂಡರು. "ಒಂದು," ಎನ್ನುವರು, ನಾನು ಗೆರೆ ಹಾಕುವೆ. ಒಂದಕ್ಕೂ ಎರಡಕ್ಕೂ ನಡುವೆ ಬಹಳ ಸಮಯವಿರುತ್ತದೆ. ಅಷ್ಟರಲ್ಲಿ ಮಾತು ಬರುತ್ತಿತ್ತು. "ನಿನ್ನಮ್ಮ ಸಣ್ಣವಳಿರುವಾಗ ಹಲ್ಲಿ ಲೊಚಗುಟ್ಟಿದ್ರೆ ತಿರುಗಿ ಲೊಚಗುಟ್ತಿದ್ಳು. ಹಲ್ಲಿಯೇ ಸುಮ್ಮನಾಗಬೇಕು." ಇದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇ ತಿಂಗಳು ಬರುವಷ್ಟರಲ್ಲಿ ಮಣೆ ಪಂಚೆಯ ಅಂಚಿಗೆ ಬಂದಿತ್ತು. ಕರೆಂಟು ಹೋದ ಎರಡು ದಿನ ಬಿಟ್ಟರೆ ಒಟ್ಟು ಇಪ್ಪತ್ತೈದು ಸಂಜೆ ಕೂತರು.

ಮೇ 12ರ ಮಧ್ಯಾಹ್ನ ದೊಡ್ಡ ಮಳೆ ಬಂತು. ಸಂಜೆ ಏಳು ಗಂಟೆಗೆ ನೆಲದಿಂದ ಮಳೆಹುಳು ಎದ್ದವು. ಅವಕ್ಕೆ ಬಿಳಿ, ಹಳದಿ ಎಂಬ ಭೇದವಿಲ್ಲ. ಪಂಚೆಯ ತುಂಬ ರೆಕ್ಕೆ ಉದುರಿತು. ದೊಡ್ಡಮ್ಮ ಮೂವತ್ತರವರೆಗೆ ಎಣಿಸಿ ನಿಲ್ಲಿಸಿದರು. ಎದ್ದು ಸ್ವಿಚ್ಚು ಆರಿಸಿದರು. ಸೀರೆಯ ಮೇಲಿನ ರೆಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಹೋದರು. ಮಣೆಯನ್ನೂ ಒಯ್ದರು.

ಮೇ 20ರಿಂದ ಅರ್ಧ ವ್ಯಾಟಿನ ಕಿತ್ತಳೆ ಬಣ್ಣದ ಬಲ್ಬು ಹಾಕಿದ್ದೇನೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಅಕ್ಷರ ಕಾಣುತ್ತದೆ. ಮಳೆಹುಳುವಿನ ಕಾಲವೂ ಮುಗಿದಂತಿದೆ. ನಿನ್ನೆ ಏಳೂವರೆಗೆ ಕರೆದೆ.

"ದೊಡ್ಡಮ್ಮ, ಬನ್ನಿ. ಈಗ ತುಂಬ ಕಮ್ಮಿ."

"ಎಷ್ಟು?"

ಸೊನ್ನೆ ಎನ್ನಬಹುದಿತ್ತು. ಒಳಗಿನಿಂದ ಅವರಿಗೆ ಪಂಚೆ ಕಾಣುವುದಿಲ್ಲ. ನಾನು ಹೇಳಿದ ಅಂಕಿಯನ್ನು ಅವರು ನಂಬುತ್ತಾರೆ, ಎದ್ದು ಬರುತ್ತಿದ್ದರು.

"ನಾಲ್ಕು," ಎಂದೆ.

"ನಾಲ್ಕಾ."

ಮಂಚ ಕಿರುಗುಟ್ಟಿತು. ಎದ್ದರು ಎಂದುಕೊಂಡೆ. ಮಗ್ಗುಲು ಬದಲಿಸಿದ್ದರು.

ಈಗ 7.40. ಕೆಂಪು ಬಲ್ಬನ್ನು ಇನ್ನೂ ಪರೀಕ್ಷಿಸಿಲ್ಲ. ಬಲ್ಬಿನ ಸುತ್ತ ತೆಳು ಬಟ್ಟೆ ಕಟ್ಟಿದರೆ ಏನಾಗುತ್ತದೋ ಗೊತ್ತಿಲ್ಲ. ಗದ್ದೆಯಂಚಿನ ಹೆಂಚಿನ ಮನೆಯಲ್ಲಿ, ಮಳೆಗಾಲದಲ್ಲಿ, ಒಂದು ಹುಳುವೂ ಸಾಯದ ಬಲ್ಬು ಕಂಡವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಎಷ್ಟು ವ್ಯಾಟು, ಡಬ್ಬದ ಮೇಲಿನ ಅಂಕಿ ಏನು, ಎಷ್ಟು ಸಂಜೆ ನೋಡಿದಿರಿ ಎಂದೂ ತಿಳಿಸಿ. ಅಂದಾಜಿನ ಸೊನ್ನೆ ಬೇಡ. ಎದುರು ಕೂತು ಎಣಿಸಿದ್ದಾಗಿರಲಿ, ಅದನ್ನು ನಾನು ಬಾಗಿಲಲ್ಲಿ ನಿಂತು ಓದಿ ಹೇಳಬೇಕು.